ಭೋಸರಿ ವರ್ಕ್‌ಶಾಪ್ ಸರ್ವರ್: ಓಎಸ್ ಫಿಕ್ಸ್ ಆಯ್ತು

ಪುಣೆ ಹತ್ತಿರದ ಭೋಸರಿಯಲ್ಲಿರುವ ಕಾಕಾನ ವರ್ಕ್‌ಶಾಪ್‌ನ ಸರ್ವರ್‌ಗೆ ಡೆಬಿಯನ್ 13 (ಉಚಿತವಾಗಿ ಸಿಗುವ ಒಂದು ಲಿನಕ್ಸ್ ಓಎಸ್) ಎಂದು ತೀರ್ಮಾನವಾಗಿದೆ. ಡಿಸ್ಕ್ ಕೆಲಸ ಮುಗಿದಿದೆ, ವಿಂಡೋಸ್ ಪಿಸಿಗಳಿಗೆ ಫೈಲ್ ಹಂಚುವ ಸಾಂಬಾ ಓಡುತ್ತಿದೆ, ಯುಪಿಎಸ್ ಜೋಡಿಸುವುದು ಬಾಕಿ. ಬೇರೆಯವನ್ನೆಲ್ಲ ಯಾಕೆ ಬಿಟ್ಟೆ ಅನ್ನೋದನ್ನ ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಭೋಸರಿ ಎಂಐಡಿಸಿಗೆ, ಅಂದರೆ ಅಲ್ಲಿನ ಕೈಗಾರಿಕಾ ಪ್ರದೇಶಕ್ಕೆ, ಗುರುವಾರ ವಾರದ ರಜೆ. ಸರ್ವರ್ ಬಂದ್ ಮಾಡಬೇಕೆಂದರೆ ಅವತ್ತೇ ಆಗಬೇಕು. ಆಫೀಸಿನಲ್ಲಿ ಹತ್ತರೊಳಗೆ ವಿಂಡೋಸ್ 11 ಪಿಸಿಗಳಿವೆ. ಒಂದರಲ್ಲಿ ಟ್ಯಾಲಿ, ಒಂದೆರಡರಲ್ಲಿ ಡ್ರಾಯಿಂಗ್ ಮಾಡುವ ಕ್ಯಾಡ್. ಕೆಳಗೆ ಹಳೇ ವಿಎಂಸಿ (ಪ್ರೋಗ್ರಾಂ ಪ್ರಕಾರ ಲೋಹ ಕೊರೆಯುವ) ಮಷಿನ್ ಪಕ್ಕ ಒಂದು ವಿಂಡೋಸ್ ಎಕ್ಸ್‌ಪಿ ಪಿಸಿ. ಆ ಮಷಿನ್‌ನ ಮೆಮೊರಿಯಲ್ಲಿ ದೊಡ್ಡ ಪ್ರೋಗ್ರಾಂ ಹಿಡಿಸುವುದಿಲ್ಲ. ಎಕ್ಸ್‌ಪಿ ಪಿಸಿ ಸೀರಿಯಲ್ ಕೇಬಲ್‌ನಲ್ಲಿ ಸ್ವಲ್ಪಸ್ವಲ್ಪವೇ ಕಳಿಸುತ್ತಾ ಇರುತ್ತದೆ, ಡ್ರಿಪ್ ಫೀಡ್ ಅಂತಾರಲ್ಲ, ಅದು. ಸರ್ವರ್ ಅಂದರೆ ಮೂರನೇ ಪೀಳಿಗೆಯ ಐ5 ಇರುವ ಹಳೇ ಟವರ್. ಅದರಲ್ಲಿ ಇದ್ದದ್ದು ಸೆಂಟ್‌ಓಎಸ್ 7, ಅದೂ ಒಂದು ಲಿನಕ್ಸ್. ಅದಕ್ಕೆ 2024ರ ಜೂನ್ 30ಕ್ಕೇ ಅಪ್‌ಡೇಟ್ ನಿಂತುಹೋಗಿದೆ.

ಮೊದಲು ನೋಡಿದ್ದು ವಿಂಡೋಸ್ ಸರ್ವರ್. "ರೊಕ್ಕ ಎಷ್ಟಾಗ್ತದ, ಅದನ್ನ ಮೊದಲ ಹೇಳು" ಅಂದರು ಕಾಕಾ. ಲೆಕ್ಕ ಹೀಗಿದೆ. ಸ್ಟ್ಯಾಂಡರ್ಡ್ ಎಡಿಷನ್‌ಗೆ ಕನಿಷ್ಠ 16 ಕೋರ್‌ಗಳ ಲೈಸೆನ್ಸ್ ತೆಗೆದುಕೊಳ್ಳಬೇಕು, ನಮ್ಮ ಡಬ್ಬದಲ್ಲಿ ಇರೋದು ನಾಲ್ಕೇ ಆದರೂ. ಅದರ ಮೇಲೆ ಪ್ರತಿ ಬಳಕೆದಾರನಿಗೋ ಪ್ರತಿ ಪಿಸಿಗೋ ಒಂದೊಂದು ಸಿಎಎಲ್, ಅಂದರೆ ಸರ್ವರ್ ಬಳಸುವ ಲೈಸೆನ್ಸ್. ಎಸೆನ್ಷಿಯಲ್ಸ್ ಎಡಿಷನ್‌ನಲ್ಲಿ 25 ಜನರವರೆಗೆ ಸಿಎಎಲ್ ಬೇಡ, ನಮಗೆ ಅಷ್ಟೇ ಸಾಕಾಗಿತ್ತು. ಆದರೆ ಅದು ಈಗ ಹೊಸ ಸರ್ವರ್ ಜೊತೆಗೇ ಬರುತ್ತದೆ. ಕಾಕಾ ಆ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ.

ಆಮೇಲೆ ಅಲ್ಮಾ ಮತ್ತು ರಾಕಿ ಎಂಬ ಲಿನಕ್ಸ್‌ಗಳು. ಸೆಂಟ್‌ಓಎಸ್ ಇದ್ದವರಿಗೆ ಸಹಜವಾದ ದಾರಿ ಅದು. ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಅಪ್‌ಡೇಟ್ ಅಂದಿದ್ದರು, 2020ರ ಡಿಸೆಂಬರ್‌ನಲ್ಲಿ ಮಾತು ಬದಲಿಸಿ 2021ರ ಕೊನೆಗೇ ಮುಗಿಸಿದರು. ಅಲ್ಲಿಂದ ಹುಟ್ಟಿದವು ಇವೆರಡು. ನಮ್ಮ ಐ5ನಲ್ಲಿ ಎವಿಎಕ್ಸ್2 ಅನ್ನೋ ಹೊಸ ಪ್ರೊಸೆಸರ್ ಸೌಲಭ್ಯ ಇಲ್ಲ, ಹಾಗಾಗಿ ರಾಕಿ 10 ಓಡುವುದೇ ಇಲ್ಲ. ಅಲ್ಮಾದವರು ಹಳೇ ಪ್ರೊಸೆಸರ್‌ಗೆಂದೇ ಬೇರೆ ಬಿಲ್ಡ್ ಕೊಡುತ್ತಾರೆ, ಪುಣ್ಯಾತ್ಮರು. ನಿಜ ಹೇಳಬೇಕೆಂದರೆ 2032ರವರೆಗೆ ಅಪ್‌ಡೇಟ್ ಇರುವ ಅಲ್ಮಾ 9 ಹಾಕಿದ್ದರೂ ಏನೂ ತಪ್ಪಿರಲಿಲ್ಲ. ಡೆಬಿಯನ್ 13ಕ್ಕೆ ಎಲ್‌ಟಿಎಸ್ (ಮಾಮೂಲಿ ಅವಧಿ ಮುಗಿದ ಮೇಲಿನ ಅಪ್‌ಡೇಟ್) ಸೇರಿಸಿದರೂ 2030ರ ಜೂನ್‌ವರೆಗೆ ಮಾತ್ರ. ಆದರೆ ಡೆಬಿಯನ್‌ನಲ್ಲಿ ಇದ್ದ ಜಾಗದಲ್ಲೇ ಮುಂದಿನ ಆವೃತ್ತಿಗೆ ಏರಬಹುದು, ಮನೆಯ ಪಿಸಿಯಲ್ಲಿ ಮಾಡಿ ಮಾಡಿ ಕೈಗೆ ರೂಢಿಯಾಗಿದೆ. ನನಗೆ ಅಷ್ಟು ಸಾಕು.

ತಲೆ ಜಾಸ್ತಿ ತಿಂದದ್ದು ಎಕ್ಸ್‌ಪಿ. ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ವಿಧಾನಕ್ಕೆ ಎಸ್‌ಎಂಬಿ ಅಂತಾರೆ, ಎಕ್ಸ್‌ಪಿಗೆ ಬರುವುದು ಅದರ ಹಳೇ ಆವೃತ್ತಿ ಎಸ್‌ಎಂಬಿ 1 ಮಾತ್ರ. 2017ರ ಮೇನಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ವೈರಸ್ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ 1ರಲ್ಲಿದ್ದ ತೂತಿನಿಂದಲೇ. ಸಾಂಬಾ ಕೂಡ 2019ರ 4.11 ಆವೃತ್ತಿಯಿಂದ ಅದನ್ನು ತಾನಾಗಿ ಮುಚ್ಚಿಟ್ಟಿರುತ್ತದೆ. ಕಾನ್ಫಿಗ್‌ನಲ್ಲಿ ಒಂದು ಸಾಲು ಬರೆದರೆ ತೆರೆಯಬಹುದು, ಸಲಹೆ ಕೊಟ್ಟವರೂ ಇದ್ದರು. ಒಂದು ಮುದಿ ಪಿಸಿಗಾಗಿ ಇಡೀ ಆಫೀಸಿನ ಬಾಗಿಲು ತೆರೆಯೋದಾ? ಬೇಡ ಅನ್ನಿಸಿತು. ಸರ್ವರ್‌ಗೆ ಎರಡನೇ ನೆಟ್‌ವರ್ಕ್ ಕಾರ್ಡ್ ಹಾಕಿ, ಎಕ್ಸ್‌ಪಿಯನ್ನು ನೇರ ಅದಕ್ಕೇ ಸೇರಿಸಿದೆ. ಆ ಕಡೆ ಇಂಟರ್ನೆಟ್ ಇಲ್ಲ, ಆಫೀಸ್ ಪಿಸಿಗಳೂ ಕಾಣುವುದಿಲ್ಲ. ಮಷಿನ್ ಪ್ರೋಗ್ರಾಂಗಳ ಫೋಲ್ಡರ್ ಒಂದನ್ನೇ ಎಫ್‌ಟಿಪಿಯಲ್ಲಿ (ಫೈಲ್ ಕಳಿಸುವ ಇನ್ನೊಂದು ಹಳೇ ವಿಧಾನ), ಓದಲು ಮಾತ್ರ ಕೊಟ್ಟಿದ್ದೇನೆ. ಎಕ್ಸ್‌ಪಿಯ ಎಕ್ಸ್‌ಪ್ಲೋರರ್‌ನಲ್ಲೇ ಎಫ್‌ಟಿಪಿ ತೆರೆಯುವುದರಿಂದ ಆಪರೇಟರ್‌ಗೆ ಹೊಸದೇನೂ ಕಲಿಸಬೇಕಾಗಲಿಲ್ಲ.

ಹೊಸ ಪಿಸಿಗಳದ್ದು ಇದರ ಉಲ್ಟಾ ತಕರಾರು. ಮೊದಲು ಶೇರ್‌ಗೆ (ಸರ್ವರ್‌ನಲ್ಲಿ ಹಂಚಿಕೊಂಡ ಫೋಲ್ಡರ್‌ಗೆ) ಪಾಸ್‌ವರ್ಡ್ ಇರಲಿಲ್ಲ, ಗೆಸ್ಟ್ ಆಗಿ ಎಲ್ಲರೂ ಒಳಗೆ. ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೋ ಅದನ್ನು ತಾನಾಗಿ ಒಪ್ಪುವುದಿಲ್ಲ. ಹಾಗಾಗಿ ಒಬ್ಬೊಬ್ಬರಿಗೂ ಅಕೌಂಟ್ ಮಾಡಿದೆ, ಸ್ವಲ್ಪ ಗೊಣಗಿದರು. ನೆಟ್‌ವರ್ಕ್ ಶೇರ್‌ನಲ್ಲಿ ಡಿಲೀಟ್ ಮಾಡಿದ ಫೈಲ್ ವಿಂಡೋಸ್‌ನ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ಸೀದಾ ಮಾಯ. ಡ್ರಾಯಿಂಗ್ ವಿಭಾಗದವರ ಪುರಾತನ ದೂರು ಅದು. ಡಿಲೀಟ್ ಆದದ್ದನ್ನು ಬೇರೆ ಫೋಲ್ಡರ್‌ನಲ್ಲಿ ಉಳಿಸುವ ಸಾಂಬಾದ ರೀಸೈಕಲ್ ಮಾಡ್ಯೂಲ್ ಹಾಕಿದ ಮೇಲೆ ಗೊಣಗಾಟ ನಿಂತಿತು.

ಟ್ಯಾಲಿಯನ್ನು ಸರ್ವರ್‌ಗೆ ತರಲಿಲ್ಲ. ಅದು ವಿಂಡೋಸ್‌ನ ಪ್ರೋಗ್ರಾಂ. ಲೆಕ್ಕ ನೋಡುವ ಮೇಡಂ ಪಿಸಿಯಲ್ಲೇ ಡೇಟಾ ಇದೆ, ಅಲ್ಲೇ ಇರಲಿ. ಸಂಜೆ ಟ್ಯಾಲಿ ಮುಚ್ಚುವ ಮೊದಲು ಅದರದ್ದೇ ಬ್ಯಾಕಪ್ ತೆಗೆಯುತ್ತಾರೆ, ಅದು ಸರ್ವರ್‌ಗೆ ಬಂದು ಬೀಳುತ್ತದೆ. ಕಂಪನಿ ಲೆಕ್ಕಪತ್ರ ನಿಯಮಗಳಿಗೆ ಆದ 2022ರ ತಿದ್ದುಪಡಿಯ ಪ್ರಕಾರ ಕಂಪನಿಗಳು ಲೆಕ್ಕದ ಪುಸ್ತಕವನ್ನು ಕಂಪ್ಯೂಟರ್‌ನಲ್ಲಿ ಇಟ್ಟರೆ ಅದರ ಬ್ಯಾಕಪ್ ದಿನಾ ಭಾರತದೊಳಗಿನ ಸರ್ವರ್‌ನಲ್ಲಿ ಆಗಬೇಕು. ಕಾಕಾನದ್ದು ಪ್ರೈವೇಟ್ ಲಿಮಿಟೆಡ್, ಆದ್ದರಿಂದ ಇದನ್ನು ತಪ್ಪಿಸುವ ಹಾಗಿಲ್ಲ.

ಕಾಕಾನ ಕೊನೆಯ ಪ್ರಶ್ನೆ: "ನೀ ಊರಿಗೆ ಹೋದಾಗ ಇದು ಬಂದ್ ಬಿದ್ರ ಯಾರು ನೋಡಾವ್ರು?" ಈ ಒಂದು ವಿಷಯದಲ್ಲಿ ವಿಂಡೋಸ್ ಗೆಲ್ಲುತ್ತದೆ. ಆ ಏರಿಯಾದಲ್ಲಿ ಫೋನ್ ಮಾಡಿದರೆ ಬರುವ ಹುಡುಗರೆಲ್ಲ ವಿಂಡೋಸ್‌ನವರೇ. ಸದ್ಯಕ್ಕೆ ಕಾಕ್‌ಪಿಟ್ ಹಾಕಿದ್ದೇನೆ, ಡಿಸ್ಕ್ ಮತ್ತು ಸರ್ವಿಸ್‌ಗಳ ಸ್ಥಿತಿ ಬ್ರೌಸರ್‌ನಲ್ಲೇ ಕಾಣುತ್ತದೆ. ರೀಸ್ಟಾರ್ಟ್ ಮಾಡುವ ಕ್ರಮವನ್ನು ಮರಾಠಿಯಲ್ಲೂ ಕನ್ನಡದಲ್ಲೂ ಬರೆದು ಟವರ್ ಮೇಲೆ ಅಂಟಿಸಿದ್ದಾಯ್ತು.

ಎರಡು ಡಿಸ್ಕ್ ಮಿರರ್‌ನಲ್ಲಿವೆ, ಅಂದರೆ ಒಂದರಲ್ಲಿ ಇರೋದೇ ಇನ್ನೊಂದರಲ್ಲೂ. ಅದು ಬ್ಯಾಕಪ್ ಅಲ್ಲ ಎಂದು ಕಾಕಾಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಹೊರಗಿನ ಡಿಸ್ಕ್ ಕೊಡಿಸಲಿ ಅಂತ ಕಾಯುತ್ತಿದ್ದೇನೆ. ಮುಂದಿನ ಗುರುವಾರ ಯುಪಿಎಸ್‌ನ ಯುಎಸ್‌ಬಿ ಕೇಬಲ್ ಹಾಕಿ, ಕರೆಂಟ್ ಹೋದಾಗ ಸರ್ವರ್ ತಾನಾಗಿ ಸರಿಯಾಗಿ ಮುಚ್ಚಿಕೊಳ್ಳುತ್ತದಾ ನೋಡಬೇಕು. ಒಂದು ಡಿಸ್ಕ್ ಕಿತ್ತು, ಇನ್ನೊಂದರಲ್ಲೇ ಬೂಟ್ ಆಗುತ್ತದಾ ಅಂತಲೂ ಪರೀಕ್ಷಿಸುವುದಿದೆ.