ಲುವಾಂಗ್ವಾದಲ್ಲಿ ನಡೆದ ಒಂದು ಬೆಳಿಗ್ಗೆ

ನಾಗರಹೊಳೆಯಲ್ಲಿ ಎಷ್ಟು ಸಲ ಸಫಾರಿಗೆ ಹೋಗಿದ್ದೇನೋ ಲೆಕ್ಕವಿಲ್ಲ. ಒಂದು ಸಲವೂ ಜೀಪಿನಿಂದ ಕೆಳಗಿಳಿದಿಲ್ಲ. ಇಳಿಯಲೂಬಾರದು. ಜಾಂಬಿಯಾದ ದಕ್ಷಿಣ ಲುವಾಂಗ್ವಾ ಕಾಡಿನಲ್ಲಿ ಹಾಗಲ್ಲ, ನಡೆದುಕೊಂಡೇ ನೋಡಬಹುದು. 1950ರಲ್ಲಿ ನಾರ್ಮನ್ ಕಾರ್ ಎಂಬವರು ಅಲ್ಲಿನ ಬುಡಕಟ್ಟಿನ ಮುಖ್ಯಸ್ಥ ನ್ಸೆಫು ಅವರ ಒಪ್ಪಿಗೆ ಪಡೆದು, ಬೇಟೆಗಲ್ಲದೆ ಬರೀ ಪ್ರಾಣಿ ನೋಡಲು ಬರುವವರಿಗೆ ಕ್ಯಾಂಪ್ ಶುರು ಮಾಡಿದರು. ಬಂದ ಹಣದಲ್ಲಿ ಊರಿನವರಿಗೂ ಪಾಲಿತ್ತು. ಆ ಕಾಲಕ್ಕೆ ಅದು ಎಷ್ಟು ದೊಡ್ಡ ಮಾತು ಅಲ್ವಾ?

ನಾವು ಹೋಗಿದ್ದು ಸೆಪ್ಟೆಂಬರ್‌ನಲ್ಲಿ. ಬಿಸಿಲೇರುವ ಮೊದಲೇ ಹೊರಟೆವು. ಮುಂದೆ ಕೋವಿ ಹಿಡಿದ ಕಾವಲುಗಾರ, ಆಮೇಲೆ ಗೈಡ್, ಅವರ ಹಿಂದೆ ಸಾಲಾಗಿ ನಾವು. ಕೊನೆಗೆ ಚಹಾದ ಚೀಲ ಹೊತ್ತವರು. ಯಾರೂ ಮಾತಾಡುವಂತಿಲ್ಲ.

ಸ್ವಲ್ಪ ದೂರದಲ್ಲೇ ಗೈಡ್ ಕುಕ್ಕರಗಾಲಲ್ಲಿ ಕೂತರು. ಧೂಳಿನಲ್ಲಿ ಆನೆ ಹೆಜ್ಜೆ. ದುಂಡಗಿರುವುದು ಮುಂಗಾಲು, ಉದ್ದಕ್ಕಿರುವುದು ಹಿಂಗಾಲು. ಪಾದದ ಬಿರುಕುಗಳೆಲ್ಲ ಹಾಗೇ ಅಚ್ಚೊತ್ತಿದ್ದವು, ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದ ಹಾಗೆ. ಅದರ ಮೇಲೆ ಯಾವುದೋ ಹುಳ ಹರಿದ ಸಣ್ಣ ಜಾಡು. ಹುಳ ಓಡಾಡಿದ್ದು ಆನೆ ಹೋದ ಮೇಲೆ. ಹಾಗಾಗಿ ಆನೆ ರಾತ್ರಿಯೇ ದಾಟಿದೆ ಎಂದರು. ನಾನು ಆ ಹೆಜ್ಜೆ ಬಿಟ್ಟು ಏಳಲೇ ಇಲ್ಲ.

ಮುಂದೆ ಒಂದು ಮರಸೌತೆ ಮರ. ಬೆಂಗಳೂರಿನಲ್ಲಿ ಇದನ್ನು ನೋಡಿದ್ದೇನೆ, ಉದ್ದುದ್ದ ಕಾಯಿ ನೇತಾಡುತ್ತಿರುತ್ತವೆ. ಅಲ್ಲಿ ಬಿದ್ದ ಹೂವನ್ನು ಬೆಳಿಗ್ಗೆ ಗುಡಿಸಿ ಹಾಕುತ್ತಾರೆ. ಇಲ್ಲಿ ಆ ಕಡುಗೆಂಪು ಹೂಗಳನ್ನು ನಾಲ್ಕು ಪುಕು ಹುಲ್ಲೆಗಳು ಒಂದೊಂದಾಗಿ ಆರಿಸಿ ತಿನ್ನುತ್ತಿದ್ದವು. ಈ ಮರದ ತವರೇ ಆಫ್ರಿಕಾ. ಅದರ ಹೂವಿಗೆ ಕಾಯುವವರನ್ನು ಅವತ್ತೇ ನಾನು ನೋಡಿದ್ದು. ಯಾಕೋ ಗಂಟಲು ಕಟ್ಟಿತು.

ರಾತ್ರಿ ಜೀಪಿನಲ್ಲಿ ಎರಡು ಸಲ ಚಿರತೆಯೂ ಕಂಡಿತು, ಖುಷಿಯಾಯಿತು. ಆದರೆ ಮನೆಗೆ ಫೋನ್ ಮಾಡಿದಾಗ ಹೇಳಿದ್ದು ಈ ಹೂವಿನ ವಿಷಯವನ್ನೇ.

ನದಿ ದಡದಲ್ಲಿ ಚಹಾ. ಅಲ್ಲಿ ಆಗ ಬೇಸಿಗೆ, ನೀರು ಇಳಿದು ಮರಳುಮಣ್ಣಿನ ಗೋಡೆ ಎದ್ದು ನಿಂತಿತ್ತು. ಅದರ ತುಂಬ ಬಿಲಗಳು, ಬಿಲದ ತುಂಬ ಕೆಂಪು ಕಳ್ಳಿಪೀರಗಳು. ಕೊಕ್ಕಿನಿಂದ ಕೊರೆದು, ಕಾಲಿನಿಂದ ಮಣ್ಣನ್ನು ಹಿಂದಕ್ಕೆ ಚಿಮ್ಮುತ್ತಿದ್ದವು. ನಮ್ಮೂರ ಹಳ್ಳದ ದಡದಲ್ಲಿ ಹಸಿರು ಕಳ್ಳಿಪೀರ ಹೀಗೇ ಮಣ್ಣು ಚಿಮ್ಮುವುದನ್ನು ಚಿಕ್ಕಂದಿನಲ್ಲಿ ಸುಮ್ನೆ ಕೂತು ನೋಡುತ್ತಿದ್ದೆ. ಚಹಾ ತಂದವರಿಗೆ ಅದನ್ನು ಹೇಳಿದೆ. ಅವರು ಇನ್ನೊಂದು ಲೋಟ ಬಗ್ಗಿಸಿ ಕೊಟ್ಟು, ನನ್ನ ಪಕ್ಕದಲ್ಲೇ ಕೂತರು.