ಫ್ಯುಸೆನ್‌ಗೆ ಹೋದರೆ ಆ ಮೂರು ಕಾಲು ನೋಡಿ ಬನ್ನಿ

ಜರ್ಮನಿಯ ನಾಯ್‌ಶ್ವಾನ್‌ಸ್ಟೈನ್ ಅರಮನೆಗೆ ಹೋಗುವವರು ಹತ್ತಿರದ ಊರಾದ ಫ್ಯುಸೆನ್ ಸ್ಟೇಷನ್ನಿನಲ್ಲಿ ಇಳಿದು, 73 ಅಥವಾ 78ನೇ ನಂಬರ್ ಬಸ್ ಹತ್ತಿ ಹೊರಟೇಬಿಡುತ್ತಾರೆ. ಹೋದ ಸಲ ನಾವೂ ಹಾಗೇ ಮಾಡಿದ್ದೆವು. ಈ ಸಲ ಅರ್ಧ ದಿನ ಊರಿಗೇ ಅಂತ ಎತ್ತಿಟ್ಟೆವು. ನೀವೂ ಇಡಿ.

ಲೆಖ್ ನದಿ ಪಕ್ಕ ಸಾಂಕ್ಟ್ ಮಾಂಗ್ ಎಂಬ ಹಳೇ ಮಠವಿದೆ. ಈಗ ಅಲ್ಲೇ ಪುರಸಭೆ. ನಾವು ಹೋದ ದಿನ ಬಾವುಟ ಕಟ್ಟಿದ್ದರು. ನೀಲಿ-ಬಿಳಿ ಚೌಕಳಿಯದ್ದು ಬವೇರಿಯಾ ರಾಜ್ಯದ್ದು. ಪಕ್ಕದ್ದು ಊರಿನದು, ಅದರಲ್ಲಿ ಊರಿನ ಲಾಂಛನ: ಮೂರು ಕಪ್ಪು ಕಾಲು. ತಲೆ ಇಲ್ಲ, ಮೈ ಇಲ್ಲ. ತೊಡೆಗಳು ನಡುವೆ ಕೂಡಿವೆ, ಮಂಡಿ ಮಡಚಿವೆ, ಪಾದಗಳು ಒಂದರ ಹಿಂದೊಂದು ಓಡುತ್ತಿವೆ. ಯಾವ ಕಾಲಿನಿಂದ ನೋಡಲು ಶುರು ಮಾಡಿದರೂ ಕಣ್ಣು ಒಂದು ಸುತ್ತು ಹಾಕಿ ಅಲ್ಲಿಗೇ ಬರುತ್ತದೆ.

ಐಲ್ ಆಫ್ ಮ್ಯಾನ್ ಮತ್ತು ಸಿಸಿಲಿಯ ಬಾವುಟಗಳಲ್ಲೂ ಮೂರು ಕಾಲಿವೆ. ಆದರೆ ಇಲ್ಲಿ ಕಾಲು ಬಂದಿದ್ದು ಹೆಸರಿನಿಂದ. ಜರ್ಮನ್‌ನಲ್ಲಿ ಫ್ಯೂಸೆ ಅಂದರೆ ಪಾದಗಳು. ಓದು ಬರದವರಿಗೂ ಮುದ್ರೆ ನೋಡಿದ ಕೂಡಲೇ ಊರು ಗೊತ್ತಾಗಬೇಕಲ್ವಾ? ನನಗಂತೂ ಅರಮನೆಗಿಂತ ಇದೇ ಜಾಸ್ತಿ ಮನಸ್ಸಿಗೆ ಹಿಡಿಸಿತು.

ಮ್ಯೂನಿಕ್‌ನಿಂದ ರೈಲಿನಲ್ಲಿ ಸುಮಾರು 2 ಗಂಟೆ. ಐದು ಜನರವರೆಗೆ ಒಂದೇ ಬಾಯರ್ನ್ ಟಿಕೆಟ್ (ಬವೇರಿಯಾದ ಒಂದು ದಿನದ ರೈಲು ಟಿಕೆಟ್) ಸಾಕು, ಆದರೆ ವಾರದ ದಿನಗಳಲ್ಲಿ ಅದು ಬೆಳಗ್ಗೆ 9ರ ನಂತರವೇ ನಡೆಯುತ್ತದೆ. ಅರಮನೆ ಟಿಕೆಟ್‌ನಲ್ಲಿ ಒಳಗೆ ಹೋಗುವ ಸಮಯ ನಮೂದಾಗಿರುತ್ತದೆ. ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ, ಮಧ್ಯಾಹ್ನದ್ದು ಸಿಕ್ಕರೆ ಬೆಳಗ್ಗೆ ಊರು ಸುತ್ತಬಹುದು.

ಮಠದಿಂದ ಮೇಲೆ ಹತ್ತಿ ಹೋಹೆಸ್ ಶ್ಲಾಸ್ ಕೋಟೆಯ ಅಂಗಳಕ್ಕೆ ಹೋಗಿ. ಗೋಡೆ ತುಂಬ ಕೆತ್ತನೆಯ ಕಿಟಕಿಗಳು ಕಾಣುತ್ತವೆ. ಹತ್ತಿರ ಹೋದರೆ ಎಲ್ಲ ಬರೀ ಬಣ್ಣ! 1499ರ ಸುಮಾರಿಗೆ ಬರೆದದ್ದು. ನನ್ನ ಮಗಳು ಕೈಯಿಟ್ಟೇ ನಂಬಿದ್ದು.

ಅಲ್ಲಿಂದ ಇಳಿದು ನದಿಗುಂಟ ನಡೆದರೆ ಲೆಖ್ ಜಲಪಾತ. ನೀರು ಹಸಿರು-ನೀಲಿ, ಸದ್ದು ದೂರದಿಂದಲೇ ಕೇಳುತ್ತದೆ. ಆ ಮಠಕ್ಕೆ ಹೆಸರು ಬಂದ ಸಂತ ಮಾಂಗ್ ಈ ಕಂದರವನ್ನು ಒಂದೇ ನೆಗೆತಕ್ಕೆ ದಾಟಿದರಂತೆ. ಬಂಡೆಯ ಮೇಲೆ ಅವರ ಪಾದದ ಗುರುತು ಉಳಿದಿದೆ ಎಂಬುದು ಊರಿನವರ ನಂಬಿಕೆ. ಮೂರು ಕಾಲು ನೋಡಿ ಬಂದವರು ಇದನ್ನೂ ಬಿಡಬೇಡಿ.