ದಿನಾ ಗಿರಿ ಹತ್ತಿದರೆ ಕಾಲು ಗಟ್ಟಿಯಾಗಲ್ವಾ?

ಚಿಕ್ಕಮಗಳೂರಿನಲ್ಲಿ ಹೊಸದಾಗಿ ಗೇರ್ ಸೈಕಲ್ ಕೊಂಡವರೆಲ್ಲ ಕೇಳುವುದು ಇದನ್ನೇ: "ಕೈಮರ ದಾಟಿದರೆ ಏರು ಶುರು, 1,930 ಮೀಟರಿನ ಮುಳ್ಳಯ್ಯನಗಿರಿ ಪಕ್ಕದಲ್ಲೇ ಇದೆ. ದಿನಾ ಹತ್ತಿದರೆ ಬೇಗ ಫಿಟ್ ಆಗಲ್ವಾ?"

ಆಗಲ್ಲ. ವಾರಕ್ಕೆ ಎರಡು ಸಲ ಸಾಕು, ನಡುವೆ ಕನಿಷ್ಠ 48 ಗಂಟೆ ಬಿಡಿ. ಹತ್ತುವಾಗ ಸ್ನಾಯು ಸವೆಯುತ್ತದೆ. ದುರಸ್ತಿಯಾಗಿ ಗಟ್ಟಿಯಾಗಲು ಒಂದೆರಡು ದಿನ ಹಿಡಿಯುತ್ತದೆ. ಮಂಗಳವಾರ, ಶುಕ್ರವಾರ ಇಟ್ಟುಕೊಳ್ಳಿ. ಶನಿವಾರ, ಭಾನುವಾರ ಗಿರಿ ದಾರಿ ಪ್ರವಾಸಿಗರ ಕಾರು, ಜೀಪುಗಳ ಪಾಲು.

ಪೇಟೆಯಿಂದ ಕೈಮರದವರೆಗೆ ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ 8 ನಿಮಿಷ ಜೋರು, 4 ನಿಮಿಷದಲ್ಲಿ ಶುರು ಮಾಡಿದ ಜಾಗಕ್ಕೇ ಇಳಿದು ಬನ್ನಿ. ಹೀಗೆ ನಾಲ್ಕು ಸಲ. ಜೋರು ಅಂದರೆ ಎರಡು ಮೂರು ಪದಕ್ಕಿಂತ ಹೆಚ್ಚು ಆಡಲು ಉಸಿರು ಸಾಲಬಾರದು. ಮೊದಲ ಸಲ 8 ನಿಮಿಷ ಮುಗಿದಾಗ ಯಾವ ಸಿಲ್ವರ್ ಮರದ ಬುಡದಲ್ಲಿದ್ದಿರೋ, ನಾಲ್ಕನೇ ಸಲವೂ ಅದೇ ಮರ ಮುಟ್ಟಬೇಕು. ಮೂರನೇ ಸಲಕ್ಕೇ ಮರ ದೂರ ಉಳಿದರೆ ಮನೆಗೆ ಹೋಗಿ. ಮುಂದಿನದು ಬರೀ ದಣಿವು. ಪೆಡಲ್ ನಿಮಿಷಕ್ಕೆ 60 ಸುತ್ತಿಗಿಂತ ಕೆಳಗಿಳಿದರೆ ಹೊರೆಯೆಲ್ಲ ಮಂಡಿಗೆ ಬೀಳುತ್ತದೆ. ಮುಂದೆ 34, ಹಿಂದೆ 32 ಹಲ್ಲಿನ ಚಕ್ರವಿದ್ದರೆ ಒಳ್ಳೆಯದು.

ಹೆಚ್ಚಿನವರು ಎಡವುವುದು ಹಗುರ ದಿನದಲ್ಲಿ. ಗಿರಿ ಕಡೆ ತಿರುಗಿದರೆ ಹಗುರವಾಗಿ ತುಳಿಯಲು ಏರು ಬಿಡುವುದೇ ಇಲ್ಲ. ಅತ್ತ ಜೋರೂ ಅಲ್ಲ, ಇತ್ತ ವಿಶ್ರಾಂತಿಯೂ ಅಲ್ಲ. ಆ ದಿನ ಬಯಲುಸೀಮೆ ಕಡೆಗೆ, ಕಡೂರು ರಸ್ತೆ ಹಿಡಿಯಿರಿ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಹರಟುವಷ್ಟು ನಿಧಾನ. ಯಾರಾದರೂ ಹಿಂದೆ ಹಾಕಿದರೆ ಹಾಕಲಿ.

ಜೋರು ದಿನ ಇಳಿಯುವ ಮುನ್ನ ವಿಂಡ್‌ಚೀಟರ್ ಹಾಕಿಕೊಳ್ಳಿ. ಬೆವತ ಮೈಗೆ ಗಿರಿಯ ಗಾಳಿ ಬಡಿದರೆ ನಡುಕ ಹತ್ತಿ ಬ್ರೇಕ್ ಹಿಡಿಯುವ ಬೆರಳೇ ಮರಗಟ್ಟುತ್ತದೆ. ಮನೆಗೆ ಬಂದ ಒಂದು ಗಂಟೆಯೊಳಗೆ ಊಟ. 60 ಕಿಲೋ ತೂಕದವರಿಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್, 20 ಗ್ರಾಂ ಪ್ರೋಟೀನ್ ಬೇಕು: ಒಂದೂವರೆ ಕಪ್ ಅನ್ನ, ಮೂರು ಮೊಟ್ಟೆ. ಮೊಟ್ಟೆ ತಿನ್ನದವರು ದೊಡ್ಡ ಬಟ್ಟಲು ಮೊಸರು, ಒಂದು ಹಿಡಿ ಕಡಲೆಕಾಯಿ ಬೀಜ ಸೇರಿಸಿಕೊಳ್ಳಲಿ. ಹೋಗುವಾಗ, ಬಂದಾಗ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದೂವರೆ ಲೀಟರ್ ನೀರು, ಉಪ್ಪು ಹಾಕಿದ ಮಜ್ಜಿಗೆ ಎಲ್ಲ ಸೇರಿ, ಕೆಲವು ಗಂಟೆಗಳಲ್ಲಿ ನಿಧಾನವಾಗಿ ಕುಡಿಯಿರಿ.

ಕಾಫಿ ಸೀಮೆಯಲ್ಲಿ ಹೇಳಿದರೆ ಬೈಸಿಕೊಳ್ಳಬೇಕು, ಆದರೂ ಹೇಳುತ್ತೇನೆ: ಸಂಜೆ ಆರಕ್ಕೆ ಕುಡಿದ ಕಾಫಿಯ ಕೆಫೀನ್ ರಾತ್ರಿ ಹನ್ನೊಂದಕ್ಕೂ ಹೆಚ್ಚುಕಡಿಮೆ ಅರ್ಧ ರಕ್ತದಲ್ಲೇ ಇರುತ್ತದೆ. ನಿದ್ದೆ ಕೆಟ್ಟರೆ ಹತ್ತಿದ್ದು ದಂಡ.

ಬೆಳಿಗ್ಗೆ ಹಾಸಿಗೆ ಬಿಡುವ ಮೊದಲು ಮಣಿಕಟ್ಟಿನ ಮೇಲೆ ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ. ನಿಮ್ಮ ಎಂದಿನ ಲೆಕ್ಕಕ್ಕಿಂತ ಎರಡು ದಿನ ಸತತ ಏಳೆಂಟು ಬಡಿತ ಹೆಚ್ಚಿದ್ದರೆ ಗಿರಿ ಮುಂದಕ್ಕೆ ಹಾಕಿ. ಇನ್ನೊಂದು ಲಕ್ಷಣ ಮೋಸದ್ದು: ಏರಿನಲ್ಲಿ ಉಸಿರು ಕಟ್ಟುತ್ತದೆ, ನಾಡಿ ಮಾತ್ರ ಎಂದಿನಷ್ಟು ಏರುವುದಿಲ್ಲ. ಹೃದಯ ಗಟ್ಟಿಯಾಯಿತು ಅಂತ ಖುಷಿಪಟ್ಟು ಇನ್ನೂ ತುಳಿಯುವವರಿದ್ದಾರೆ. ಅದು ಒಳಗೆ ಕೂಡಿಟ್ಟ ದಣಿವು. ನಾಲ್ಕೈದು ದಿನ ಸೈಕಲ್ ಮುಟ್ಟಬೇಡಿ. ಆಮೇಲೂ ಹಾಗೇ ಇದ್ದರೆ ಡಾಕ್ಟರ ಹತ್ತಿರ ಹೋಗಿ, ಹಿಮೋಗ್ಲೋಬಿನ್ ಕೂಡ ನೋಡಿಸಿ.